ಹಳೇ ವ್ಯಾನಿಗೆ ಸ್ಕ್ಯಾನರ್ ನೋಡಲು ಹೋದದ್ದು

ನಮ್ಮ ವ್ಯಾನಿಗೆ ಮೂಗಿಲ್ಲ. ಬೇರೆ ಗಾಡಿಗಳಿಗೆ ಮುಂದೆ ಬಾನೆಟ್ ಇರುತ್ತದೆ, ಅದರೊಳಗೆ ಎಂಜಿನ್ ಕೂತಿರುತ್ತದೆ. ನಮ್ಮದರಲ್ಲಿ ಎಂಜಿನ್ ಇರುವುದು ಡ್ರೈವರ್ ಸೀಟಿನ ಕೆಳಗೆ. ರಾಯಚೂರಿನ ಬಿಸಿಲಿನಲ್ಲಿ ಮೇಲೆ ಸೂರ್ಯ, ಕೆಳಗೆ ಎಂಜಿನ್, ನಡುವೆ ಹಂಚಿನ ಮೇಲಿನ ರೊಟ್ಟಿಯ ಹಾಗೆ ನಾನು. ಆದರೂ ಬೆಳಿಗ್ಗೆ ಆ ಸೀಟಿನ ಮೇಲೆ ಕೂತು ಚಾವಿ ತಿರುಗಿಸಿದಾಗ ಆಗುವ ಖುಷಿ ನನಗೆ ಹಬ್ಬದ ಹೋಳಿಗೆ ತಿಂದರೂ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಎಷ್ಟೋ ಜನರ ಮೇಲೆ ಹರಿಹಾಯ್ದದ್ದು ಈ ಖುಷಿಯ ಸಲುವಾಗಿಯೇ.

ನನ್ನದು ಹೆಣ್ಣುಮಕ್ಕಳ ಗಾಡಿ. ರಾಯಚೂರಿನಲ್ಲಿ ಮನೆ ಮಾಡಿಕೊಂಡು ದೇವದುರ್ಗದ ಶಾಲೆಗಳಲ್ಲಿ ನೌಕರಿ ಮಾಡುವ ಮೇಡಂಗಳು, ಅವರ ಜೊತೆಗೆ ಅಲ್ಲಿಯ ಆಸ್ಪತ್ರೆಯ ಒಬ್ಬ ನರ್ಸ್. ಬೆಳಿಗ್ಗೆ ಇವರನ್ನೆಲ್ಲ ಓಣಿ ಓಣಿಯಲ್ಲಿ ಹತ್ತಿಸಿಕೊಂಡು, ಗಬ್ಬೂರು ದಾಟಿ ದೇವದುರ್ಗ ಮುಟ್ಟಿಸಿ, ಸಂಜೆ ತಿರುಗಿ ಮನೆಗೆ ಬಿಡುವುದು ನನ್ನ ಕೆಲಸ. ಬಸ್ಸುಗಳಿವೆ, ಇಲ್ಲವೆಂದಲ್ಲ. ಆದರೆ ಬಸ್ಸಿನಲ್ಲಿ ಕಂಬಿ ಹಿಡಿದು ನಿಲ್ಲುವುದಕ್ಕೂ, ಚಪ್ಪಲಿ ಬಿಟ್ಟು ಕಾಲು ಮಡಚಿ ಕೂತು ಹಿಂದಿನ ದಿನದ ಜಗಳವನ್ನು ಮೊದಲಿನಿಂದ ಕೊನೆಯವರೆಗೆ ಹೇಳಿಕೊಂಡು ಹೋಗುವುದಕ್ಕೂ ಬಹಳ ಫರಕಿದೆ. ನನ್ನ ಗಾಡಿಯಲ್ಲಿ ಎಷ್ಟು ಅತ್ತೆಯಂದಿರ ನ್ಯಾಯ ತೀರ್ಮಾನವಾಗಿದೆಯೋ ಲೆಕ್ಕವಿಲ್ಲ.

ನನ್ನ ಅತ್ತೆಯ ವಿಷಯ ಮಾತ್ರ ನಾನು ಅಲ್ಲಿ ತೆಗೆಯುವುದಿಲ್ಲ, ಯಾಕೆಂದರೆ ಹೇಳಲು ಏನೂ ಇರುವುದಿಲ್ಲ. ಚಂದ್ರಬಂಡದ ಹೆಣ್ಣುಮಗಳು. ಹತ್ತಿ ಬಿಡಿಸುವುದಕ್ಕೆ, ಕಳೆ ತೆಗೆಯುವುದಕ್ಕೆ ಟ್ರ್ಯಾಕ್ಟರಿನ ಹಿಂದಿನ ಟ್ರೇಲರಿನಲ್ಲಿ ನಿಂತು ಹೋಗಿ ಬಂದು ಸೊಂಟ ಹಿಡಿಸಿಕೊಂಡವರು. ನಾನು ಡ್ರೈವಿಂಗ್ ಕಲಿಯುತ್ತೇನೆ ಎಂದಾಗ ಓಣಿಯೇ ನಕ್ಕಿತು; ಅವರು ನಗಲಿಲ್ಲ. ಕಲಿ ಎಂದೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಬಾಗಿಲ ಮುಂದಿನ ಹೊರಸಿನ ಮೇಲೆ ಕೂತು, ನಾನು ಗಾಡಿ ಹಿಂದಕ್ಕೆ ತೆಗೆಯುವುದನ್ನು ಎಲೆಅಡಿಕೆ ಜಗಿಯುತ್ತ ನೋಡುತ್ತಿದ್ದರು. ಇಷ್ಟು ವರ್ಷದಲ್ಲಿ ಬಾಯಿ ತುಂಬ ಒಂದು ಮಾತು ಹೊಗಳಿದ್ದಿಲ್ಲ. ಅದು ನನಗೆ ಒಳಗೊಳಗೇ ಚುಚ್ಚುತ್ತಿತ್ತು.

ದಸರಾ ಮುಗಿದ ಮೇಲೆ ಗಾಡಿ ಒಂದು ಚಾಳಿ ಕಲಿಯಿತು. ದೇವದುರ್ಗ ಹತ್ತಿರವಾದಂತೆ ರಸ್ತೆ ಏರುತ್ತದೆ. ಆ ಏರಿನ ನಡುವೆ ಮೀಟರಿನಲ್ಲಿ ಎಂಜಿನ್ ಚಿತ್ರದ ಹಳದಿ ದೀಪ ಹತ್ತಿತು, ಗಾಡಿಯ ದಮ್ಮೇ ಹೋಯಿತು. ಎಷ್ಟು ತುಳಿದರೂ ಓಡುವುದಿಲ್ಲ, ಮುಲುಕುತ್ತ ತೆವಳುತ್ತದೆ. ಎತ್ತಿನ ಬಂಡಿಯೊಂದು ನಮ್ಮನ್ನು ದಾಟಿಕೊಂಡು ಹೋಯಿತು. ಬಂಡಿಯ ಮೇಲಿನ ಮುದುಕ ತಿರುಗಿ ನೋಡಿ ನಕ್ಕದ್ದನ್ನು ನಾನು ಇನ್ನೂ ಮರೆತಿಲ್ಲ. ಬದಿಗೆ ಹಾಕಿ, ಬಂದ್ ಮಾಡಿ, ಸ್ವಲ್ಪ ತಡೆದು ಚಾಲೂ ಮಾಡಿದರೆ ದೀಪ ಮಾಯ. ಗಾಡಿ ಏನೂ ಆಗಿಯೇ ಇಲ್ಲ ಎಂಬಂತೆ ಹೊರಟಿತು. ಅವತ್ತಿನಿಂದ ಅದೇ ಆಟ. ಒಂದು ದಿನ ಗಬ್ಬೂರಿನ ಹತ್ತಿರ, ಒಂದು ದಿನ ಏರಿನಲ್ಲಿ, ಎರಡು ದಿನ ಏನೂ ಇಲ್ಲ, ಮತ್ತೆ ಒಮ್ಮೆ.

ರಾಯಚೂರಿನಲ್ಲಿ ನಮ್ಮ ಗಾಡಿ ನೋಡುವ ಮಿಸ್ತ್ರಿ ಒಳ್ಳೆಯ ಮನುಷ್ಯ. ಆದರೆ ಅವನ ಶೆಡ್ಡಿಗೆ ಒಯ್ದಾಗಲೆಲ್ಲ ಗಾಡಿ ಮದುಮಗನ ಹಾಗೆ ಶಾಂತವಾಗಿ ನಿಲ್ಲುತ್ತಿತ್ತು. ಹಲ್ಲುನೋವು ಡಾಕ್ಟರ ಬಾಗಿಲಲ್ಲಿ ಮಾಯವಾಗುವಂತೆ. ಅವನು ಡೀಸೆಲ್ ಫಿಲ್ಟರ್ ಬದಲಿಸಿದ, ಟ್ಯಾಂಕ್ ತೊಳೆದ. ಕೊನೆಗೆ ಕೈ ಒರೆಸಿಕೊಳ್ಳುತ್ತ ಹೇಳಿದ.

“ಅಕ್ಕಾ, ಪಂಪ್ ಹೋಗ್ಯಾದ ಅನಸ್ತದ. ಪಂಪ್ ಕೆಲಸ ಮಾಡ್ಸಿದ್ರ ಗಾಡಿ ಕಿಮ್ಮತ್ತಿಗಿಂತ ಅದೇ ಜಾಸ್ತಿ ಆಗ್ತದ.”

“ಅನಸ್ತದ ಅಂದ್ರ?”

“ಅನಸ್ತದ ಅಂದ್ರ ಅನಸ್ತದ.”

“ನಿನ್ನ ಹತ್ರ ಸ್ಕ್ಯಾನರ್ ಮಷಿನ್ ಅದ ಅಲಾ? ಅದಕ್ಕ ಏನ್ ಅನಸ್ತದ ಕೇಳು.”

“ಅದು ಸಣ್ಣ ಕಾರಿಂದು ಅಕ್ಕಾ. ನಿಮ್ಮ ವ್ಯಾನಿನ ಭಾಷಿ ಅದಕ್ಕ ಬರಂಗಿಲ್ಲ.”

ಅವನು ಅಷ್ಟಕ್ಕೇ ಬಿಟ್ಟಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಶೆಡ್ಡಿನಲ್ಲಿ ಚಹಾ ಕುಡಿಯುತ್ತಿದ್ದ ಇನ್ನೊಬ್ಬ, ಯಾರೋ ಲಾರಿ ಡ್ರೈವರ್, ಕೇಳದಿದ್ದರೂ ಬಾಯಿ ಹಾಕಿದ. ಹೆಣ್ಣುಮಕ್ಕಳು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತಾರೆ, ಗಾಡಿ ಹಾಳಾಗುವುದು ಅದಕ್ಕೇ ಎಂದ. ಡೀಸೆಲ್ ಪಂಪಿಗೂ ಕ್ಲಚ್ಚಿಗೂ ಏನು ಬೀಗತನವಪ್ಪಾ ಎಂದು ನಾನು ಕೇಳಿದೆ. ಅವನ ಚಹಾ ಬೇಗ ಮುಗಿಯಿತು.

ದಾರಿ ತೋರಿಸಿದವರು ನರ್ಸಮ್ಮ. ಅವರು ಯಾವಾಗಲೂ ಮುಂದೆ ನನ್ನ ಪಕ್ಕದಲ್ಲೇ ಕೂರುತ್ತಾರೆ. ಮಾತು ಕಡಿಮೆ, ಆಡಿದರೆ ತೂಕ ಜಾಸ್ತಿ. “ಜ್ವರ ಬಂದು ಬಂದು ಹೋಗಾಕತ್ತಾವಂದ್ರ, ಬಂದಾಗ ಅಳೀಬೇಕಲ್ರಿ. ಥರ್ಮಾಮೀಟರ್ ದವಾಖಾನ್ಯಾಗ ಇದ್ರ ಏನ್ ಬಂತು? ಮನ್ಯಾಗ ಇರಬೇಕು” ಎಂದರು. ಅಂಗೈಯಲ್ಲಿ ಬೆಲ್ಲ ಇಟ್ಟ ಹಾಗಾಯಿತು ನನಗೆ. ಮಿಸ್ತ್ರಿಯ ಮಷಿನ್ ಯಾಕೆ ಬೇಕು, ನನ್ನದೇ ಒಂದು ಗಾಡಿಯಲ್ಲಿ ಇಟ್ಟುಕೊಂಡರಾಯಿತು.

ಮೊದಲು ತರಿಸಿದ್ದು ಮೊಬೈಲಿನಲ್ಲಿ ಆರ್ಡರ್ ಮಾಡಿದ್ದು. ಹೆಬ್ಬೆರಳಿನಷ್ಟು ನೀಲಿ ಪ್ಲಾಸ್ಟಿಕ್ ತುಂಡು. ಸ್ಟಿಯರಿಂಗಿನ ಕೆಳಗೆ ಮೊಣಕಾಲು ತಾಗುವಲ್ಲಿ ಒಂದು ಸಾಕೆಟ್ ಇರುತ್ತದೆ. ಅದಕ್ಕೆ ಇದನ್ನು ಚುಚ್ಚಿದರೆ ಗಾಡಿಯ ಸುದ್ದಿಯೆಲ್ಲ ಮೊಬೈಲಿಗೆ ಬರುತ್ತದಂತೆ. ಎಲ್ಲ ಗಾಡಿಗೂ ಆಗುತ್ತದೆ ಎಂದು ಡಬ್ಬಿಯ ಮೇಲೆ ಬರೆದಿತ್ತು. ಚುಚ್ಚಿದೆ. ಮೊಬೈಲಿನಲ್ಲಿ ಒಂದು ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಪಕ್ಕದ ಮನೆಯವರ ಹೊಸ ಕಾರಿಗೆ ಚುಚ್ಚಿ ನೋಡಿದರೆ ಕ್ಷಣದಲ್ಲಿ ಹರಟೆ ಶುರು. ನಮ್ಮ ವ್ಯಾನಿಗೆ ತಂದರೆ ಮತ್ತೆ ಮೌನ.

ನನ್ನ ಗಂಡ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಅವರಿಗೆ, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. “ನಿನ್ನ ಗಾಡಿ ನಿನ್ನಂಗ ಅದ ನೋಡು. ಕೇಳಿದ್ದಕ್ಕ ಉತ್ತರ ಕೊಡಂಗಿಲ್ಲ” ಎಂದರು. ನಾನು ಆ ನೀಲಿ ತುಂಡನ್ನು ಅವರ ಕಡೆಗೇ ಎಸೆದೆ. ಹಿಡಿದುಕೊಂಡು ನಕ್ಕರು.

ಆ ನಗು ಬಹಳ ದಿನ ಇರಲಿಲ್ಲ. ಮೇಡಂಗಳಿಗೆ ಹೊತ್ತಿಗೆ ಸರಿಯಾಗಿ ಹಾಜರಿ ಬೀಳಬೇಕು, ತಡವಾದರೆ ಮೇಲಿನವರ ಮಾತು ಕೇಳಬೇಕು. ಇಬ್ಬರು ಮೇಡಂ ಬೇಜಾರು ಮಾಡಿಕೊಳ್ಳದೆ, ನನಗೂ ಬೇಜಾರಾಗದಂತೆ, “ಸ್ವಲ್ಪ ದಿನ ಬಸ್ಸಿಗೆ ಹೋಗ್ತೀವಿ ಅಕ್ಕಾ” ಎಂದು ಬಿಟ್ಟುಹೋದರು. ಅವರು ಬೈದಿದ್ದರೆ ಒಳ್ಳೆಯದಿತ್ತು. ಅದೇ ವಾರ ಒಂದು ಸಂಜೆ ಗಾಡಿ ನಡುರಸ್ತೆಯಲ್ಲಿ ದಮ್ಮು ಕಳೆದುಕೊಂಡಾಗ ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಹೊಡೆಯುತ್ತ ಮಗ್ಗುಲಿಗೇ ತಾಗುವಂತೆ ಹೋಯಿತು. ಅದನ್ನು ನಾನು ಮನೆಯಲ್ಲಿ ಹೇಳಬಾರದಿತ್ತು, ಹೇಳಿಬಿಟ್ಟೆ. ಗಂಡ ಊಟದ ತಟ್ಟೆ ಸರಿಸಿದರು.

“ಮಾನ್ವಿ ಗುಜರಿಯವಗ ಹೇಳೀನಿ. ಸೋಮವಾರ ಬರ್ತಾನ. ಅಷ್ಟರಾಗ ಗಾಡಿ ಸರಿ ಆದ್ರ ಆತು, ಇಲ್ಲಂದ್ರ ಕೊಟ್ಟು ಬಿಡಣ.”

“ಕೊಟ್ಟು ನಾ ಏನ್ ಮಾಡ್ಲಿ?”

“ಮನ್ಯಾಗ ಇರು. ಒಂದಿಟು ಆರಾಮ ಮಾಡು.”

ಆರಾಮ. ಎಷ್ಟು ಮೆತ್ತಗಿನ ಮಾತು, ಹತ್ತಿಯಲ್ಲಿ ಸುತ್ತಿದ ಕಲ್ಲಿನ ಹಾಗೆ. ಅವರು ಕೆಟ್ಟದ್ದಕ್ಕೆ ಹೇಳಲಿಲ್ಲ, ಹೆದರಿ ಹೇಳಿದರು. ಅದು ನನಗೆ ಗೊತ್ತಿತ್ತು. ಆದರೆ ಈ ಗಾಡಿ ಒಮ್ಮೆ ಹೋದರೆ ನನ್ನ ಕೈಗೆ ಇನ್ನೊಂದು ಗಾಡಿ ಬರುವುದಿಲ್ಲ ಎಂಬುದೂ ಗೊತ್ತಿತ್ತು. ಹೊಸದು ಕೊಳ್ಳುವ ಶಕ್ತಿ ನಮಗಿಲ್ಲ, ಬೇರೆಯವರ ಗಾಡಿಗೆ ಹೆಣ್ಣು ಡ್ರೈವರನ್ನು ಇಟ್ಟುಕೊಳ್ಳುವ ಮನುಷ್ಯ ಈ ಊರಲ್ಲಿ ಇನ್ನೂ ಹುಟ್ಟಿಲ್ಲ. ಅತ್ತೆ ಮೂಲೆಯಲ್ಲಿ ಕೂತು ಎಲೆಅಡಿಕೆ ಜಗಿಯುತ್ತ ಎಲ್ಲ ಕೇಳಿದರು.

ಶುಕ್ರವಾರ ಸಂಜೆ ದೇವದುರ್ಗದಿಂದ ಬರುವಾಗ ಗಬ್ಬೂರು ದಾಟಿದ ಮೇಲೆ ದೀಪ ಹತ್ತಿತು. ಈ ಸಲ ನಾನು ಬಂದ್ ಮಾಡಲಿಲ್ಲ. ಬಂದ್ ಮಾಡಿದರೆ ರೋಗ ಓಡಿಹೋಗುತ್ತದಲ್ಲ. ಕಳ್ಳನ ಕೊರಳಪಟ್ಟಿ ಹಿಡಿದು ಠಾಣೆಗೆ ಎಳೆದುಕೊಂಡು ಹೋಗುವವಳ ಹಾಗೆ, ತೆವಳುವ ಗಾಡಿಯನ್ನು ಎಡಕ್ಕೆ ಎಡಕ್ಕೆ ಓಡಿಸುತ್ತ, ಎಲ್ಲರನ್ನೂ ಇಳಿಸಿ, ಸ್ಟೇಷನ್ ರಸ್ತೆಯ ಕಡೆ ಗಾಡಿ ಸಾಮಾನು ಮಾರುವ ಅಂಗಡಿಯ ಮುಂದೆ ತಂದು ನಿಲ್ಲಿಸಿದೆ. ಎಂಜಿನ್ ಓಡುತ್ತಲೇ ಇತ್ತು.

ಅಂಗಡಿಯವರ ಮನೆಮಾತು ತೆಲುಗು, ನಾಲಗೆ ಮೇಲೆ ಸಕ್ಕರೆ. ಒಳಗಿನಿಂದ ದೊಡ್ಡದೊಂದು ಡಬ್ಬಿ ತಂದಿಟ್ಟರು. “ಇದು ನೋಡಮ್ಮಾ, ಐನೂರು ಥರದ ಗಾಡಿ ಓದ್ತದ.”

“ನನ್ನ ಹತ್ರ ಐನೂರು ಗಾಡಿ ಇಲ್ರಿ, ಒಂದ ಅದ. ಹೊರಗ ನಿಂತಾದ. ಅದನ್ನ ಓದ್ತದೇನು?”

“ಎಲ್ಲಾ ಓದ್ತದಮ್ಮಾ.”

“ಹಂಗಾದ್ರ ಬರ್ರಿ, ಚುಚ್ಚಿ ನೋಡಣ.”

“ಸೀಲ್ ಒಡದ್ರ ವಾಪಸ್ ತಗೊಳ್ಳಂಗಿಲ್ಲಮ್ಮಾ.”

ನನಗೆ ರೇಗಿತು. “ಸೀರಿ ಅಂಗಡ್ಯಾಗ ಮಡಿಕಿ ಬಿಚ್ಚಿ, ಹೆಗಲ ಮ್ಯಾಲ ಹಾಕಿ ತೋರಸ್ತಾರ. ನೀವು ಡಬ್ಬಿ ಮ್ಯಾಲಿನ ಚಿತ್ರ ತೋರಿಸಿ ಕೊಡ್ತೀರೇನು? ಹೆಣ್ಣು ನೋಡಾಕ ಹೋದವರಿಗೆ ಫೋಟೋ ಕೊಟ್ಟು ಕಳಿಸಿದಂಗಾತು.”

ಅಂಗಡಿಯಲ್ಲಿದ್ದ ಗಿರಾಕಿಗಳು ನಕ್ಕರು. ಅಂಗಡಿಯವರೂ ನಕ್ಕರು, ಆದರೆ ಎದ್ದರು. ಗಾಜಿನ ಕಪಾಟಿನಿಂದ ತೋರಿಸುವುದಕ್ಕೆಂದೇ ಇಟ್ಟಿದ್ದ ಮಷಿನುಗಳನ್ನು ತೆಗೆದುಕೊಂಡು ನನ್ನ ಜೊತೆ ಹೊರಗೆ ಬಂದರು. ಹೀಗೆ ನಮ್ಮ ವ್ಯಾನಿನ ಸ್ವಯಂವರ ಸ್ಟೇಷನ್ ರಸ್ತೆಯ ಬದಿಯಲ್ಲಿ ನಡೆಯಿತು.

ಮೊದಲನೆಯದು ಅಂಗೈ ಅಗಲದ್ದು, ನೋಡಲು ಚೆಂದ, ಹಗುರ. ಚುಚ್ಚಿದ ಕೂಡಲೇ ಪರದೆಯ ಮೇಲೆ ‘ದೋಷ ಇಲ್ಲ’ ಎಂಬರ್ಥದ ಇಂಗ್ಲಿಷ್ ಬಂತು. ಮೀಟರಿನಲ್ಲಿ ಹಳದಿ ದೀಪ ಕಣ್ಣು ಕುಕ್ಕುವಂತೆ ಉರಿಯುತ್ತಿದೆ, ಇದು ದೋಷ ಇಲ್ಲ ಎನ್ನುತ್ತದೆ. ನೀಲಿ ತುಂಡು ಮಾತೇ ಆಡುವುದಿಲ್ಲ, ಇದು ಸುಳ್ಳಾಡುತ್ತದೆ. ಇದಕ್ಕಿಂತ ಅದೇ ಮೇಲು. ಎರಡನೆಯದು ಬೆಳ್ಳಿ ಬಣ್ಣದ ಟ್ಯಾಬ್, ಊಟದ ತಟ್ಟೆಯಷ್ಟಿತ್ತು. ಅದಕ್ಕೆ ಬಾರದ ವಿದ್ಯೆಯಿಲ್ಲ, ಗಾಡಿಯ ಮಿದುಳನ್ನೇ ತೆಗೆದು ಬೇರೆ ಬರೆಯುತ್ತದಂತೆ. ಆದರೆ ನಮ್ಮದರಂಥ ಹಳೇ ವ್ಯಾನು ಓದುವುದಕ್ಕೆ ಅದು ಮೊದಲು ಇಂಟರ್‌ನೆಟ್ಟಿನಲ್ಲಿ ಯಾರನ್ನೋ ಕೇಳಬೇಕು, ಕೇಳುವುದಕ್ಕೆ ವರ್ಷ ವರ್ಷ ಫೀಸು ಕಟ್ಟಬೇಕು. ನನ್ನ ಗಾಡಿ ಕೆಡುವ ಜಾಗದಲ್ಲಿ ಮೊಬೈಲಿಗೆ ಒಂದು ಕಡ್ಡಿ ಸಿಗ್ನಲ್ ಬಂದರೆ ಪುಣ್ಯ. ಅಲ್ಲಿ ಈ ಪಂಡಿತನನ್ನು ಕಟ್ಟಿಕೊಂಡು ಏನು ಮಾಡಲಿ ಎಂದೆ.

“ನಿಮಗ ಖರೇ ಏನ್ ಬೇಕಮ್ಮಾ?” ಈಗ ಅವರ ದನಿಯಲ್ಲಿ ಸಕ್ಕರೆ ಕಡಿಮೆಯಾಗಿ ಮನುಷ್ಯ ಕಾಣಿಸಿದ.

“ನನ್ನ ಗಾಡಿ ಭಾಷಿ ಬರಬೇಕು. ಓಡಾಕತ್ತಾಗ ಒಳಗ ಏನ್ ನಡದಾದ ಅಂತ ಅವಾಗಿಂದವಾಗ ಹೇಳಬೇಕು. ನೆಟ್ ಇಲ್ದ ನಡೀಬೇಕು. ಬಿಸಿಲಾಗ ಕಾಣಬೇಕು. ಚಂದ ಇರದಿದ್ರೂ ಪರವಾಗಿಲ್ಲ.”

ಅವರು ಯೋಚಿಸಿ, ಒಳಗೆ ಹೋಗಿ, ಕೆಳಗಿನ ಕಪಾಟಿನಿಂದ ಧೂಳು ಹಿಡಿದ ಒಂದು ಕಪ್ಪು ಡಬ್ಬಿ ತಂದರು. ಹಳೇ ಕಾಲದ ಲ್ಯಾಂಡ್‌ಲೈನ್ ಫೋನಿನಂತೆ ದಪ್ಪ, ಒತ್ತುವ ಗುಂಡಿಗಳು, ಸಣ್ಣ ಪರದೆ. ಟೆಂಪೋ, ಪಿಕಪ್, ವ್ಯಾನು, ಇಂಥ ದುಡಿಯುವ ಗಾಡಿಗಳಿಗೆಂದೇ ಮಾಡಿದ್ದು, ಕಾರಿನವರು ಕೇಳುವುದಿಲ್ಲವಾದ್ದರಿಂದ ಕೆಳಗೆ ಬಿದ್ದಿತ್ತು. ಚುಚ್ಚಿ, ಗುಂಡಿ ಒತ್ತುತ್ತ ಹೋದರೆ ಗಾಡಿಗಳ ಹೆಸರುಗಳ ನಡುವೆ ನಮ್ಮ ವ್ಯಾನಿನ ಎಂಜಿನ್ ಹೆಸರೇ ಬಂತು. ಜಾತ್ರೆಯಲ್ಲಿ ತವರಿನವರ ಮುಖ ಕಂಡ ಹಾಗಾಯಿತು. ಒತ್ತಿದೆ. ಗಾಡಿ ಮೊದಲ ಸಲ ಬಾಯಿ ಬಿಟ್ಟಿತು: ಡೀಸೆಲ್ ಒತ್ತಡ ಅಳೆಯುವ ಸೆನ್ಸರ್, ಅದರ ಸರ್ಕಿಟ್.

“ಸೆನ್ಸರ್ ಹೋಗ್ಯಾದ ಅನಸ್ತದಮ್ಮಾ, ಹೊಸದು ಹಾಕ್ಸಿಬಿಡ್ರಿ, ನನ್ ಹತ್ರನ ಅದ” ಎಂದರು ಅಂಗಡಿಯವರು. ಇವರಿಗೂ ಅನಸ್ತದ. ನಾನು ಮಷಿನ್ ಮಾತ್ರ ತೆಗೆದುಕೊಂಡು ಮನೆಗೆ ಬಂದೆ. ಮಾರುವ ಗಾಡಿಗೆ ಮಷಿನ್ ತಂದೆಯಾ ಎಂದು ಗಂಡ ತಲೆ ಮೇಲೆ ಕೈ ಇಟ್ಟುಕೊಂಡರು. ನಾನು ಉತ್ತರ ಕೊಡಲಿಲ್ಲ. ಅವರೇ ಹೇಳಿದ್ದರಲ್ಲ, ನಾನು ಗಾಡಿಯ ಹಾಗೆ ಎಂದು.

ಶನಿವಾರ ಬೆಳಿಗ್ಗೆ ಮಷಿನನ್ನು ನರ್ಸಮ್ಮನ ತೊಡೆಯ ಮೇಲಿಟ್ಟೆ. ನಾನು ಓಡಿಸುವುದು, ಅವರು ಡೀಸೆಲ್ ಒತ್ತಡದ ಅಂಕಿ ಓದುವುದು. ರೋಗಿಯ ನಾಡಿ ಎಣಿಸುವ ಮುಖ ಮಾಡಿಕೊಂಡು ಅವರು ಓದುತ್ತಾ ಹೋದರು. ಕಾಲು ಒತ್ತಿದರೆ ಅಂಕಿ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಹಿಂದಿನ ಸೀಟಿನ ಮೇಡಂಗಳು ಮಾತು ನಿಲ್ಲಿಸಿ ಕ್ರಿಕೆಟ್ ಸ್ಕೋರ್ ಕೇಳುವವರಂತೆ ಮುಂದಕ್ಕೆ ಬಾಗಿದ್ದರು. ಗಬ್ಬೂರು ಹೋಯಿತು, ಏನಿಲ್ಲ. ಏರು ಬಂತು. ರಸ್ತೆಯ ಒಂದು ಕುಳಿಯಲ್ಲಿ ಗಾಡಿ ದಡಕ್ ಎಂದಿತು.

“ಸೊನ್ನಿ” ಎಂದರು ನರ್ಸಮ್ಮ.

ದೀಪ ಹತ್ತಿತು. ಗಾಡಿ ತೆವಳತೊಡಗಿತು.

“ಖರೇ ಸೊನ್ನಿ?”

“ಒಮ್ಮೆಲೇ ಸೊನ್ನಿ ರೀ. ಇಳೀಲಿಲ್ಲ, ಕಟ್ ಆತು.”

ನನ್ನ ತಲೆಯಲ್ಲಿ ಏನೋ ಹೊಳೆಯಿತು. ಡೀಸೆಲ್ ಒತ್ತಡ ನಿಜವಾಗಿ ಸೊನ್ನೆಯಾಗಿದ್ದರೆ ಎಂಜಿನ್ ಅಲ್ಲೇ ನಿಲ್ಲಬೇಕಿತ್ತು. ಇದು ತೆವಳುತ್ತಾದರೂ ಓಡುತ್ತಿದೆ. ಅಂದರೆ ಪಂಪು ಕೆಲಸ ಮಾಡುತ್ತಿದೆ, ಸುದ್ದಿ ಮಾತ್ರ ಬರುತ್ತಿಲ್ಲ. ಫೋನ್ ಕಟ್ಟಾಯಿತೆಂದರೆ ಆಚೆಯವರು ಸತ್ತರೆಂದು ಅರ್ಥವೇ? ನಾನು ಬದಿಗೆ ಹಾಕಿ ಸ್ಟಿಯರಿಂಗ್ ಮೇಲೆ ಎರಡೂ ಕೈಯಿಂದ ಬಡಿದೆ. ಹಿಂದಿನ ಸೀಟಿನ ಮೇಡಂ ಒಬ್ಬರು ಗಾಬರಿಯಾದರು. ನಾನು ನಗುತ್ತಿದ್ದೆ. ಅಷ್ಟು ದಿನದಲ್ಲಿ ಮೊದಲ ಸಲ, ಗಾಡಿ ಕೆಟ್ಟು ನಿಂತಾಗ ನಗುತ್ತಿದ್ದೆ.

ಶನಿವಾರ ಶಾಲೆ ಅರ್ಧ ದಿನ; ಮಧ್ಯಾಹ್ನವೇ ಮೇಡಂಗಳನ್ನು ಮನೆಗೆ ಬಿಟ್ಟು ಮಿಸ್ತ್ರಿಯ ಶೆಡ್ಡಿಗೆ ಒಯ್ದು ಹೇಳಿದೆ. ಅವನು ಮಷಿನ್ ಕೈಗೆ ತೆಗೆದುಕೊಂಡು ಅಂಕಿ ನೋಡಿದ. “ಬರಾಬರ್ ಅದ ಅಕ್ಕಾ. ಹಂಗಾದ್ರ ಪಂಪ್ ಅಲ್ಲ” ಎಂದ. ಮೊದಲ ಸಲ ‘ಅನಸ್ತದ’ ಇಲ್ಲದ ಮಾತು. ಡ್ರೈವರ್ ಸೀಟು ಎತ್ತಿ, ಕೆಳಗಿನ ತಗಡಿನ ಮುಚ್ಚಳ ಬಿಚ್ಚಿ, ಟಾರ್ಚ್ ಹಿಡಿದು, ಸೆನ್ಸರಿಗೆ ವೈರು ಕೂಡುವ ಬೆರಳು ಗಾತ್ರದ ಜೋಡಣೆಯನ್ನು ಕಿತ್ತ. ಒಳಗಿನ ತಂತಿಯ ತುದಿಗಳು ಹಸಿರಾಗಿದ್ದವು, ತಿಂಗಳುಗಟ್ಟಲೆ ಹುಣಸೆಹಣ್ಣು ಕಾಣದ ತಾಮ್ರದ ಚೊಂಬಿಗೆ ಹಿಡಿಯುವ ಕಿಲುಬು. ಅದರ ಸುತ್ತ ಕೆಂಪು ರಾಡಿ. ಹುಳಿ ವಾಸನೆ. ಮಿಸ್ತ್ರಿ ಬೆರಳಿಗೆ ಹತ್ತಿಸಿಕೊಂಡು ಮೂಸಿದ. ಇಕ್ಕಳದಿಂದ ಒಂದು ಎಳೆ ತೆಂಗಿನ ನಾರು ಹೊರಗೆಳೆದ.

“ಅಕ್ಕಾ, ಇಲ್ಲಿ ಕಾಯಿ ಒಡೀತೀರೇನ್ರಿ?”

ನಮ್ಮ ಕಡೆ ಅಮಾವಾಸ್ಯೆ ಬಂತೆಂದರೆ ಗಾಡಿ ತೊಳೆದು, ವಿಭೂತಿ ಕುಂಕುಮ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ತೆಂಗಿನಕಾಯಿ ಒಡೆಯುತ್ತಾರೆ. ಕಾಯಿಯ ನೀರನ್ನು ಬಾನೆಟ್ ಮೇಲೆ ಚಿಮುಕಿಸುತ್ತಾರೆ, ಬಿಸಿಲಿಗೆ ಒಣಗಿ ಹೋಗುತ್ತದೆ. ನಮ್ಮ ಮನೆಯಲ್ಲಿ ಈ ಪೂಜೆ ಅತ್ತೆಯದು. ನಾನು ಆ ಹೊತ್ತಿಗೆ ಒಳಗೆ ಅಡುಗೆಯಲ್ಲಿರುತ್ತೇನೆ. ಬಾನೆಟ್ಟೇ ಇಲ್ಲದ ಗಾಡಿಗೆ ಅವರು ನೀರನ್ನು ಎಲ್ಲಿ ಬಿಡುತ್ತಾರೆಂದು ನಾನು ಒಂದು ದಿನವೂ ನೋಡಿರಲಿಲ್ಲ. ಈಗ ಕಂಡಿತು. ಪ್ರತಿ ಅಮಾವಾಸ್ಯೆ ಡ್ರೈವರ್ ಬಾಗಿಲು ತೆರೆದು, ಸೀಟಿನ ಬುಡದ ಸಂದಿಯಲ್ಲಿ ಬಿಟ್ಟಿದ್ದಾರೆ. ಅದು ಇಳಿದು ಇಳಿದು ಇಲ್ಲಿ ಕೂತಿದೆ.

ಮಿಸ್ತ್ರಿ ಹಳೇ ಜೋಡಣೆ ಕತ್ತರಿಸಿ ಹೊಸದು ಕೂಡಿಸಿದ, ಮೇಲೆ ರಬ್ಬರ್ ಕೊಳವೆ ಏರಿಸಿ ಗ್ರೀಸ್ ಬಳಿದ. ಸೆನ್ಸರ್ ಕೂಡ ಬದಲಿಸಬೇಕಾಗಲಿಲ್ಲ. ಮಷಿನ್ ಹಚ್ಚಿ, ವೈರು ಎಷ್ಟು ಜಗ್ಗಿ ಅಲುಗಾಡಿಸಿದರೂ ಅಂಕಿ ಅಲುಗಲಿಲ್ಲ. ಹೊರಡುವಾಗ ಹೇಳಿದ: “ಅಮ್ಮಗ ಏನೂ ಅನಬ್ಯಾಡ್ರಿ ಅಕ್ಕಾ. ನಮ್ಮ ಮನ್ಯಾಗ ಗಾಡಿಗೆ ಊದಿನ ಹೊಗಿ ಹಾಕ್ತಾರ, ಏರ್ ಫಿಲ್ಟರ್ ಕರ್ರಗ ಆಗಿರ್ತದ. ನಾ ಏನರ ಅಂತೀನೇನು?”

ನಾನು ಹೂಂ ಎಂದೆ. ಆದರೆ ಮನೆಯ ದಾರಿಯುದ್ದಕ್ಕೂ ಮಾತು ಜೋಡಿಸಿಕೊಳ್ಳುತ್ತ ಹೋದೆ. ನನ್ನ ಗಾಡಿ, ನನ್ನ ಮೇಡಂಗಳು, ಬಂಡಿಯ ಮುದುಕನ ನಗು, ಲಾರಿಯವನ ಕ್ಲಚ್ಚು, ಎಲ್ಲಕ್ಕೂ ಕಾರಣ ಮನೆಯಲ್ಲೇ ಹೊರಸಿನ ಮೇಲೆ ಕೂತಿತ್ತು. ಒಂದು ದಿನವಾದರೂ ಬಾಯಿ ಬಿಟ್ಟು ಒಳ್ಳೆಯದು ಅನ್ನಲಿಲ್ಲ, ಸಾಲದ್ದಕ್ಕೆ ಎಂಜಿನ್ ಎಲ್ಲಿದೆಯೆಂದು ಹುಡುಕಿ ಅದರ ತಲೆಯ ಮೇಲೇ ನೀರು ಸುರಿದಿದ್ದಾರೆ. ಹೀಗೆಲ್ಲ.

ಗಂಡನಿಗೆ ಹೊರಗೇ ಹೇಳಿದೆ. ಅವರು ನನಗಿಂತ ಮೊದಲು ಒಳಗೆ ಹೋಗಿ, “ಯವ್ವಾ, ಗಾಡಿ ರೋಗ ಸಿಕ್ತು. ಇಲಿ ವೈರ್ ಕಡದಿತ್ತು” ಎಂದರು.

ಅತ್ತೆ ನನ್ನ ಮುಖ ನೋಡಿದರು. “ಇಲಿ ಕಡದಿದ್ರ ಈಕಿ ಮಾರಿ ಹಿಂಗ್ಯಾಕ ಇರ್ತಿತ್ತು? ಏನಾತು ಹೇಳ್ ಬೇ.”

“ನೀವು ಅಮಾಸಿಗೆ ಬಿಡು ಕಾಯಿನೀರು ರೀ ಅತ್ತಿ. ವೈರಿಗೆ ಕಿಲುಬು ಹಿಡಿಸ್ಯಾದ.”

“ಗಾಡಿ ಕೆಟ್ಟಿದ್ದು ನನ್ನಿಂದ ಏನ?”

“ಹೌದ್ರಿ.”

ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತರು. ಅಷ್ಟಕ್ಕೆ ಬಿಡಬೇಕಿತ್ತು, ನನ್ನ ನಾಲಗೆ ಬಿಡಲಿಲ್ಲ. “ಗಾಲಿಗೆ ಬಿಟ್ಟಿದ್ರ ಆಗ್ತಿತ್ತು. ಹೋಗಿ ಹೋಗಿ ಎಂಜಿನ್ ಮ್ಯಾಲ ಯಾಕ ಬಿಟ್ರಿ?”

“ಎಂಜಿನ್ ಅಲ್ಲಿ ಅದ ಅಂತ ನನಗೇನ್ ಗೊತ್ತು ಬೇ” ಎಂದರು ಅತ್ತೆ. “ಗಾಡಿಗಿ ಬಿಟ್ಟಿದ್ದಲ್ಲ ಅದು. ನೀ ಕುಂದ್ರು ಜಾಗ ಅಂತ ಬಿಡ್ತಿದ್ದೆ.”

ದಾರಿಯಲ್ಲಿ ಜೋಡಿಸಿಕೊಂಡು ಬಂದ ಮಾತುಗಳನ್ನೆಲ್ಲ ಅಲ್ಲೇ ಬಿಟ್ಟು ನಾನು ಅಡುಗೆಮನೆಗೆ ಹೋಗಿ ಹಿಟ್ಟಿನ ಡಬ್ಬಿಯ ಮುಂದೆ ಕೂತು ಚೆನ್ನಾಗಿ ಅತ್ತುಬಿಟ್ಟೆ. ದುಃಖಕ್ಕಲ್ಲ. ಇಷ್ಟು ವರ್ಷ ಪ್ರತಿ ತಿಂಗಳು ಒಬ್ಬರು ನನ್ನ ಸಲುವಾಗಿ ಹೆದರುತ್ತಿದ್ದರು, ನಾನು ಅವರನ್ನು ಕಲ್ಲು ಎಂದುಕೊಂಡಿದ್ದೆ. ಭಾನುವಾರ ನಾನು ರೊಟ್ಟಿ ಬಡಿಯುವಾಗ ಅತ್ತೆ ಪಕ್ಕದಲ್ಲಿ ಬಂದು ಕೂತು ಬೆಳ್ಳುಳ್ಳಿ ಸುಲಿದು ಕೊಟ್ಟರು.

ಸೋಮವಾರ ಗಂಡ ಗುಜರಿಯವನಿಗೆ ಬರಬೇಡ ಎಂದು ಇನ್ನೂ ಹೇಳಿರಲಿಲ್ಲ. ಇವತ್ತೊಂದು ದಿನ ಓಡಲಿ, ನೋಡೋಣ ಎಂದಿದ್ದರು. ಗಿರಣಿಗೂ ಹೋಗದೆ ಮನೆಯಲ್ಲೇ ಉಳಿದಿದ್ದರು. ನಾನು ಬೆಳಿಗ್ಗೆ ಎಲ್ಲರನ್ನೂ ಹತ್ತಿಸಿಕೊಂಡು ಹೊರಟೆ. ಮಷಿನ್ ಚುಚ್ಚಿಯೇ ಇತ್ತು, ನರ್ಸಮ್ಮನ ತೊಡೆಯ ಮೇಲೆ. ಗಬ್ಬೂರು ದಾಟುವವರೆಗೆ ಹಿಂದೆ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಒಬ್ಬ ಮೇಡಂ ತಮ್ಮ ನಾದಿನಿಯ ಸೀಮಂತದಲ್ಲಿ ಯಾರು ಯಾರಿಗೆ ಯಾವ ಸೀರೆ ಕೊಟ್ಟರು ಎಂದು ತೆಗೆದರು. ಅದಕ್ಕೆ ಇನ್ನೊಬ್ಬರು ಸೇರಿದರು, ವಾದ ಬೆಳೆಯಿತು, ದನಿ ಏರಿತು. ನಾನು ಗೇರ್ ಇಳಿಸಿ ಕಾಲು ಒತ್ತಿದೆ. ಅದೇ ಕುಳಿಯಲ್ಲಿ ಗಾಡಿ ದಡಕ್ ಎಂದಿತು. ನರ್ಸಮ್ಮ ಪರದೆ ನೋಡಿದರು, ನನ್ನನ್ನು ನೋಡಿದರು, ಅಂಕಿ ಓದಲಿಲ್ಲ, ನಕ್ಕರು. ಏರು ಮುಗಿದದ್ದು ಹಿಂದಿನವರಿಗೆ ಗೊತ್ತೇ ಆಗಲಿಲ್ಲ. ಅವರಿನ್ನೂ ಸೀರೆಯ ಅಂಚಿನಲ್ಲೇ ಇದ್ದರು. ನನಗೆ ಹಾಡಬೇಕೆನ್ನಿಸಿತು, ಹಾಡು ಬರುವುದಿಲ್ಲವಾದ್ದರಿಂದ ಸುಮ್ಮನೆ ಹಾರ್ನ್ ಹೊಡೆದೆ.

ಬಿಟ್ಟುಹೋಗಿದ್ದ ಮೇಡಂ ಒಬ್ಬರು ಮಧ್ಯಾಹ್ನ ಫೋನ್ ಮಾಡಿ, ಸೀಟು ಇದೆಯಾ ಎಂದು ಕೇಳಿದರು. ಇದೆ ಎಂದೆ. ಕಿಟಕಿ ಪಕ್ಕದ್ದು ಮಾತ್ರ ಕೊಡುವುದಿಲ್ಲ, ಅದು ಬಿಟ್ಟುಹೋಗದವರಿಗೆ ಎಂದೂ ಹೇಳಿದೆ. ನಕ್ಕು ಒಪ್ಪಿಕೊಂಡರು.

ಸಂಜೆ ಮನೆಗೆ ಬಂದಾಗ ಅತ್ತೆ ಒಳಗೆ ದೀಪ ಹಚ್ಚುತ್ತಿದ್ದರು. ಗಂಡ ನನ್ನನ್ನು ಹೊರಗೇ ನಿಲ್ಲಿಸಿ, ನಗು ತಡೆದುಕೊಳ್ಳುತ್ತ ಬೆಳಗಿನ ಕಥೆ ಹೇಳಿದರು. ನಾನು ಹೋದ ಸ್ವಲ್ಪ ಹೊತ್ತಿಗೆ ಗುಜರಿಯವ ಮಾನ್ವಿಯಿಂದ ಬಂದನಂತೆ. ಗಂಡ ಎದ್ದು ಹೊರಗೆ ಹೋಗುವಷ್ಟರಲ್ಲಿ ಹೊರಸಿನ ಮೇಲಿದ್ದ ಅತ್ತೆಯನ್ನೇ ಕೇಳಿದ್ದಾನೆ, ಗಾಡಿ ಎಲ್ಲಿ ಅದ ಯವ್ವಾ ಎಂದು.

“ಸೊಸಿ ಕೆಲಸಕ್ಕ ಹೋಗ್ಯಾಳ” ಎಂದರಂತೆ ಅತ್ತೆ.

“ನಾ ಗಾಡಿ ಕೇಳಾಕತ್ತೀನಿ ಯವ್ವಾ.”

“ನಾನೂ ಅದನ್ನ ಹೇಳಾಕತ್ತೀನಪಾ. ಸೊಸಿ ಕೆಲಸಕ್ಕ ಹೋಗ್ಯಾಳ. ನೀ ಚಾ ಕುಡದು ಹೋಗಿ ಬಾ.”